ಊಟದ ಮೇಜಿನ ಮೇಲೆ 30×40

ಕೊನೆಗೂ ಬೆಂಗಳೂರಿನಲ್ಲಿ ನನಗೊಂದು 30×40 ಸೈಟು ಆಯಿತು.

ಕ್ಲಿಯರ್ ಟೈಟಲ್. ರಾಜಕಾಲುವೆಯ ಮೇಲಿಲ್ಲ, ಕೆರೆಯಂಗಳದಲ್ಲಿಲ್ಲ. ಎ ಖಾತೆಯೋ ಬಿ ಖಾತೆಯೋ ಎಂದು ಯಾರೂ ಕೇಳಿಲ್ಲ. ಇರುವುದು ಒಂದೇ ಕೊರತೆ. ಆ 30×40 ಅಡಿಯ ಲೆಕ್ಕದ್ದಲ್ಲ, ಇಂಚಿನದು. ಸೈಟು ಇರುವುದು ನಮ್ಮ ಊಟದ ಮೇಜಿನ ಮೇಲೆ.

ಗೊಂಬೆಮನೆ ಕಟ್ಟಲು ಹೊರಟಿದ್ದೇನೆ. ನಿವೃತ್ತನಾದ ಗಂಡಸಿಗೆ ಏನಾದರೊಂದು ಕಾಯಿಲೆ ಬರಲೇಬೇಕು. ಕೆಲವರಿಗೆ ಷೇರು ಮಾರುಕಟ್ಟೆ ಬರುತ್ತದೆ, ಕೆಲವರಿಗೆ ವಾಟ್ಸಾಪ್. ಪಾಪ ಮಾಡಿದವರಿಗೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹುದ್ದೆ. ನನಗೆ ಇದು ಬಂತು. ಇದೆಲ್ಲ ಯಾರಿಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ಏಳು ವರ್ಷದ ಮೊಮ್ಮಗಳಿಗೆ.

ಈ ಉತ್ತರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗೊಂಬೆಮನೆಯ ಲೋಕದಲ್ಲಿ ಒಂದು ಅಡಿಗೆ ಒಂದು ಇಂಚು. ಅದೇ 1:12. ಆರಡಿ ಆಳು ಆರು ಇಂಚಿನ ಗೊಂಬೆಯಾಗುತ್ತಾನೆ. ಹತ್ತಡಿಯ ಸೂರು ಹತ್ತು ಇಂಚಿಗೆ ಇಳಿಯುತ್ತದೆ. ಉದ್ದ ಹನ್ನೆರಡು ಪಾಲು ಕುಗ್ಗಿದರೆ ಜಾಗ 144 ಪಾಲು ಕುಗ್ಗುತ್ತದೆ. 1,200 ಚದರಡಿಯ ನಿವೇಶನ ಎಂಟು ಚದರಡಿ ಚಿಲ್ಲರೆಗೆ ಬಂದು ನಿಲ್ಲುತ್ತದೆ. ಈಗಿನ ರೇಟಿನಲ್ಲಿ ಅಷ್ಟು ಜಾಗ ನಿಜವಾಗಿ ಕೊಳ್ಳಬೇಕೆಂದರೂ ನನ್ನ ಪೆನ್ಷನ್ನು ಯೋಚನೆ ಮಾಡುತ್ತದೆ.

ಮೊದಲು ಪ್ಲಾನು ಬರೆದೆ. ಗ್ರಾಫ್ ಹಾಳೆ, ಚೂಪು ಪೆನ್ಸಿಲ್ಲು, ಸ್ಟೀಲ್ ಸ್ಕೇಲು. ಮೂವತ್ತು ವರ್ಷ ಈ ಊರಿನ ಕಟ್ಟಡಗಳನ್ನು ಬೈದುಕೊಂಡು ಬದುಕಿದವನು ನಾನು. ನಮ್ಮ ಪಕ್ಕದ ಮನೆಯವರು ಕೈ ಚಾಚಿದರೆ ನಮ್ಮ ಒಗ್ಗರಣೆ ಸೌಟು ಅವರ ಕೈಗೆ ಸಿಗುತ್ತದೆ. ಅವರ ಮಿಕ್ಸಿ ತಿರುಗಿದರೆ ನಮ್ಮ ದೇವರ ಪಟ ಅಲುಗುತ್ತದೆ. ನನ್ನ ಮನೆಯಲ್ಲಿ ಇದೆಲ್ಲ ನಡೆಯಬಾರದು. ಮುಂದೆ ನಾಲ್ಕು ಇಂಚು ಬಿಟ್ಟೆ. ಹಿಂದೆ ಮೂರು. ಎಡಕ್ಕೆ ಮೂರು, ಬಲಕ್ಕೆ ಮೂರು. ಗಾಳಿ ಬೆಳಕು ಬರಲಿ. ಬೇವಿನ ಗಿಡ ಬರಲಿ. ಪ್ಲಾನಿನ ಕೆಳಗೆ ಹಸಿರು ಶಾಯಿಯಲ್ಲಿ 'ಅನುಮೋದಿಸಲಾಗಿದೆ' ಎಂದು ಬರೆದು ನಾನೇ ಸಹಿ ಹಾಕಿದೆ. ಮೇಜಿನ ಹಿಂದಿನ ಗೋಡೆಗೆ ಅಂಟಿಸಿದೆ. ಒಂದೇ ಕಿಟಕಿ, ಒಂದೇ ದಿನ, ಒಂದು ರೂಪಾಯಿ ಖರ್ಚಿಲ್ಲ. ಸುಗಮ ಆಡಳಿತ ಎಂದರೆ ಇದು.

ಆರಂಭದಿಂದ ಎಲ್ಲವನ್ನೂ ಕೈಯಿಂದಲೇ ಮಾಡುತ್ತೇನೆ ಎಂದಾಗ ವಾಕಿಂಗ್ ಸ್ನೇಹಿತರೊಬ್ಬರು ನಕ್ಕರು. 'ನಾನೂ ಮಾಡಿದ್ದೀನಿ ಸಾರ್, ಬನ್ನಿ ತೋರಿಸ್ತೀನಿ' ಎಂದು ಕರೆದೊಯ್ದರು. ಷೋಕೇಸಿನಲ್ಲಿ ಅಂಗೈ ಅಗಲದ ಪುಟ್ಟ ಗ್ರಂಥಾಲಯ. ಕಪಾಟು, ಏಣಿ, ಓದುವ ದೀಪ. ಕಿಟ್ಟಿನಲ್ಲಿ ಬಂದದ್ದು. ಹಲಗೆಗಳನ್ನು ಲೇಸರಿನಲ್ಲಿ ಕತ್ತರಿಸಿ ನಂಬರು ಹಾಕಿ ಕಳಿಸಿರುತ್ತಾರೆ. ಏಳನೇ ನಂಬರಿನ ತುಂಡನ್ನು ಏಳನೇ ನಂಬರಿನ ಸೀಳಿಗೆ ಸಿಕ್ಕಿಸಬೇಕು. ಹಿಡಿಯಲು ಚಿಮಟವನ್ನೂ ಅವರೇ ಕೊಟ್ಟಿರುತ್ತಾರೆ. ಸಿಕ್ಕಿಸಿದ ಮೇಲೆ 'ನನ್ನ ಕೈಯಾರೆ ಮಾಡಿದ್ದು' ಎಂಬ ವಾಕ್ಯ ಮಾತ್ರ ನಮ್ಮದು.

ಸೂಚನೆಯ ಹಾಳೆ ಚೀನೀ ಭಾಷೆಯಲ್ಲಿತ್ತು. ಚೀನಾ ಮಾಲು ಬಹಿಷ್ಕರಿಸಿ ಎಂದು ನಮ್ಮ ಗುಂಪಿಗೆ ಪ್ರತಿ ದೀಪಾವಳಿಗೆ ಮೆಸೇಜು ಹಾಕುವವರೂ ಇವರೇ.

ಸರ್ಕಾರ ಸುಮ್ಮನೆ ಕೂತಿಲ್ಲ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಹಾಗಾದರೆ ಈ ಕಿಟ್ಟು ಹೇಗೆ ಬಂತು? ಡಬ್ಬಿಯ ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರ: ಇದು ಆಟಿಕೆಯಲ್ಲ, 14 ವರ್ಷ ಮೇಲ್ಪಟ್ಟವರಿಗೆ. ಗೊಂಬೆಮನೆ ಆಟಿಕೆಯಲ್ಲವಂತೆ. ಯಾರು ಹೇಳಿದ್ದು? ಡಬ್ಬಿ ಹೇಳಿದ್ದು.

ಆದರೂ ಸ್ನೇಹಿತರನ್ನು ಜರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ 'ನನ್ನ ಕನಸಿನ ಮನೆ' ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಮಗುವೇ ಮಾಡಬೇಕು ಎಂದು ಡೈರಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದರು. ರಾತ್ರಿ ಹನ್ನೊಂದಕ್ಕೆ ನಾನು ಥರ್ಮಾಕೋಲು ಕೊಯ್ಯುತ್ತಿದ್ದೆ. ಮಗು ನಿದ್ದೆ ಮಾಡುತ್ತಿತ್ತು. ಸಿಕ್ಕಿದ ಗಮ್ಮು ಹಚ್ಚಿದೆ. ಥರ್ಮಾಕೋಲು ಕರಗಿ ಕನಸಿನ ಮನೆಗೆ ತೂತು ಬಿತ್ತು. ಬೆಳಗ್ಗೆ ಸ್ಕೂಲಿನ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಮನೆ ಕೊಂಡು ಕೊಟ್ಟೆ. ಕ್ಲಾಸಿನಲ್ಲಿ ಅಂಥವೇ ಇನ್ನೂ ಹನ್ನೊಂದು ಮನೆಗಳಿದ್ದವಂತೆ. ಮಿಸ್ಸು ಎಲ್ಲರಿಗೂ 'ಎ' ಗ್ರೇಡ್ ಕೊಟ್ಟರು. ಯಾರ ಕನಸನ್ನೂ ಯಾರೂ ಪ್ರಶ್ನಿಸಲಿಲ್ಲ.

ಮಕ್ಕಳ ಹೆಸರಿನಲ್ಲಿ ದೊಡ್ಡವರು ಮನೆ ಕಟ್ಟುವುದು ನಿನ್ನೆ ಮೊನ್ನೆಯ ಚಾಳಿಯಲ್ಲ. ನಮಗೆ ತಿಳಿದಿರುವ ಮೊದಲ ಗೊಂಬೆಮನೆ ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಕ್ಟನದು. 1557-58ರಲ್ಲಿ ಆಯಿತು. ಮಗಳಿಗೆಂದು ಮಾಡಿಸಿದ ಎನ್ನುತ್ತಾರೆ. ಸೇರಿದ್ದು ಮಾತ್ರ ಅಪ್ಪನ ಕಲಾಸಂಗ್ರಹಕ್ಕೆ.

17ನೇ ಶತಮಾನದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿ ಕಪಾಟಿನೊಳಗೊಂದು ಮನೆ ಮಾಡಿಸಿದಳು. ತಟ್ಟೆ ಬಟ್ಟಲುಗಳ ಪಿಂಗಾಣಿಯನ್ನು ಚೀನಾದಿಂದಲೇ ತರಿಸಿದಳು. ನಮ್ಮ ವಾಕಿಂಗ್ ಸ್ನೇಹಿತರಿಗೆ ಇದನ್ನು ಹೇಳಬೇಕು, ಸಮಾಧಾನವಾದೀತು. ಅದಕ್ಕೆ ಸುರಿದ ಹಣದಲ್ಲಿ ಕಾಲುವೆಯ ದಂಡೆಯಲ್ಲಿ ನಿಜವಾದ ಮನೆಯೇ ಬರುತ್ತಿತ್ತು. ಅದೀಗ ರೈಕ್ಸ್‌ ಮ್ಯೂಸಿಯಮ್ಮಿನಲ್ಲಿದೆ. ಮಕ್ಕಳು ದೂರದಿಂದ ನೋಡಬಹುದು.

ಇಂಗ್ಲೆಂಡಿನ ರಾಣಿ ಮೇರಿಯ ಗೊಂಬೆಮನೆ 1921ರಿಂದ 1924ರೊಳಗೆ ಎದ್ದಿತು. ನನ್ನದರ ಹಾಗೇ 1:12. ಕಟ್ಟಿಸಿದ್ದು ಎಡ್ವಿನ್ ಲುಟೆನ್ಸ್, ಅದೇ ಕಾಲಕ್ಕೆ ನಮ್ಮ ಖರ್ಚಿನಲ್ಲಿ ಹೊಸದಿಲ್ಲಿ ಕಟ್ಟಿಸುತ್ತಿದ್ದ ಮಹಾಶಯ. ಆ ಮನೆಯಲ್ಲಿ ಲಿಫ್ಟು ಓಡುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಕಕ್ಕಸಿಗೆ ಫ್ಲಷ್ಷಿದೆ. ಪುಟಾಣಿ ಸೀಸೆಗಳಲ್ಲಿ ನಿಜವಾದ ಮದ್ಯವಿದೆ. ಗ್ರಂಥಾಲಯಕ್ಕೆ ಕಾನನ್ ಡಾಯ್ಲ್ ಸಹಿತ ದೊಡ್ಡ ದೊಡ್ಡ ಸಾಹಿತಿಗಳು ಪುಟಾಣಿ ಪುಸ್ತಕ ಬರೆದುಕೊಟ್ಟರು. ಬರ್ನಾರ್ಡ್ ಷಾ ಒಲ್ಲೆ ಎಂದ. 1924ರಲ್ಲಿ ದಿಲ್ಲಿಯ ಎಷ್ಟು ಮನೆಗಳಿಗೆ ಫ್ಲಷ್ಷಿತ್ತು ಎಂದು ಕೇಳಬೇಡಿ. ಗೊಂಬೆಗಳಿಗಿತ್ತು. ಉಡುಗೊರೆ ಪಡೆದ ಬಾಲೆಗೆ ಆಗ ವಯಸ್ಸು ಐವತ್ತೈದು ದಾಟಿತ್ತು.

ಈ ವಂಶದಲ್ಲಿ ಪ್ರಾಮಾಣಿಕರು ಯಾರಾದರೂ ಇದ್ದರೆ ಅದು ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ. 1940ರ ದಶಕದಲ್ಲಿ ಈಕೆ ಪುಟ್ಟ ಪುಟ್ಟ ಕೋಣೆಗಳನ್ನು ಮಾಡಿಸಿ, ಒಳಗೆ ಸತ್ತು ಬಿದ್ದ ಗೊಂಬೆಗಳನ್ನಿಟ್ಟಳು. ಸಾವಿನ ಕಾರಣ ಪತ್ತೆ ಮಾಡುವುದನ್ನು ಪೊಲೀಸರಿಗೆ ಕಲಿಸಲು. ಹದಿನೆಂಟು ಕೋಣೆಗಳು ಇಂದಿಗೂ ಬಾಲ್ಟಿಮೋರಿನಲ್ಲಿವೆ, ಪಾಠಕ್ಕೆ ಬಳಕೆಯಾಗುತ್ತಿವೆ. ಮಕ್ಕಳಿಗಾಗಿ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ. ಅಷ್ಟಾದರೂ ಮರ್ಯಾದೆ ಇತ್ತು.

ಈಗ ಸಾಮಗ್ರಿಯ ವಿಷಯ. ಕಲಿಯುವವರಿಗೆ ಬಾಲ್ಸಾ ಮರ ಒಳ್ಳೆಯದು ಎಂದರು. ಬ್ಲೇಡಿಗೇ ಕೊಯ್ಯುತ್ತದೆ, ಹತ್ತಿಯ ಹಾಗೆ ಹಗುರ. ಆದರೆ ಅದು ಹೆಚ್ಚಾಗಿ ಬೆಳೆಯುವುದು ಈಕ್ವೆಡಾರಿನಲ್ಲಿ. ಭೂಮಿಯ ಆ ಮಗ್ಗುಲಿನಿಂದ ಬಂದ ಗೇಣುದ್ದದ ಹಲಗೆಗೆ ಕೇಳಿದಷ್ಟು ದುಡ್ಡು ಆನ್‌ಲೈನಿನಲ್ಲಿ ಕಟ್ಟಿದೆ. ತುಟಿ ಪಿಟಕ್ಕೆನ್ನಲಿಲ್ಲ. ಮೊದಲ ಹಲಗೆ ಎಳೆಗುಂಟ ಸೀಳಿಹೋಯಿತು. ಎರಡನೆಯದು ಎಳೆಗೆ ಅಡ್ಡವಾಗಿ ಪುಡಿಯಾಯಿತು. ಇನ್ನೆರಡು ತರಿಸಿದೆ.

ಮರುಬಳಕೆ ಮಾಡಿ, ಕಸದಿಂದ ರಸ ಎನ್ನುತ್ತಾರಲ್ಲ, ಅದನ್ನೂ ಮಾಡಿದೆ. ಐಸ್‌ಕ್ರೀಮ್ ಕಡ್ಡಿ ಬೇಕಿತ್ತು. ಅಂಗಡಿಯಲ್ಲಿ ಹೊಸ ಕಡ್ಡಿಗಳ ಪೊಟ್ಟಣ ಸಿಗುತ್ತದೆ. ಯಾವ ಐಸ್‌ಕ್ರೀಮನ್ನೂ ಮುಟ್ಟಿರದ, ನೇರವಾಗಿ ಮರುಬಳಕೆಗೆಂದೇ ಹುಟ್ಟಿದ ಕಡ್ಡಿಗಳು.

ಜಗಲಿಗೆ ನಾಲ್ಕು ಕಂಬ ಬೇಕಾಯಿತು. ದುಂಡನೆಯ ಕಂಬ ಬ್ಲೇಡಿಗೆ ಬಗ್ಗುವುದಿಲ್ಲ, ಲೇತು ಬೇಕು. ಚನ್ನಪಟ್ಟಣಕ್ಕೆ ಹೋದೆ. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ತಮ್ಮ ರೇಡಿಯೊ ಭಾಷಣದಲ್ಲಿ ಹೆಸರು ಹೇಳಿ ಹೊಗಳಿದ ಊರು. ಭೌಗೋಳಿಕ ಸೂಚಕವಿರುವ ಊರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂತು. ಅಂದಿನಿಂದ ಕಾರುಗಳು ಹೊಗಳಿಕೊಂಡೇ ಬೈಪಾಸಿನಲ್ಲಿ ಹೋಗುತ್ತವೆ.

ಸಣ್ಣ ಓಣಿಯ ಕತ್ತಲು ಕೋಣೆ. ಆತ ಆಲೆಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿದ. ತಿರುಗುವ ಮರಕ್ಕೆ ಉಳಿ ಒತ್ತಿದ. ಬಿಳಿ ಹೊಟ್ಟು ಮುಖಕ್ಕೆ ಹಾರಿತು. ಪೀಠ, ಸೊಂಟ, ಬೋದಿಗೆ ಎಲ್ಲ ಕಣ್ಣೆದುರೇ ಮೂಡಿದವು. ಪ್ಲಾನು ನೋಡಲಿಲ್ಲ, ಅಳತೆಪಟ್ಟಿ ಹಿಡಿಯಲಿಲ್ಲ. ಅರಗಿನ ಕಡ್ಡಿ ಒತ್ತಿದ. ಉಜ್ಜಿದ ಬಿಸಿಗೆ ಅರಗು ಕರಗಿ ಕಂಬಕ್ಕೆ ಕೆಂಪು ಹತ್ತಿತು. ಒಣಗರಿಯೊಂದನ್ನು ಅದುಮಿ ಹಿಡಿದ. ಕಂಬ ಕನ್ನಡಿಯ ಹಾಗೆ ಹೊಳೆಯಿತು. ನಾಲ್ಕೂ ಒಂದೇ ಅಚ್ಚು.

'ಒಂದಕ್ಕೆ ಎಂಬತ್ತು ಕೊಡಿ ಸಾರ್.'

'ಏನಪ್ಪಾ, ಗೇಣುದ್ದದ ಕಡ್ಡಿಗೆ ಎಂಬತ್ತಾ?'

ಅರವತ್ತಕ್ಕೆ ಇಳಿಸಿದೆ. ಎಂಬತ್ತು ರೂಪಾಯಿ ಉಳಿಸಿದ ಸಂತೋಷದಲ್ಲಿ ಹೆದ್ದಾರಿ ಹೋಟೆಲಿನಲ್ಲಿ ನೂರಿಪ್ಪತ್ತು ಕೊಟ್ಟು ಕಾಫಿ ಕುಡಿದೆ. ಸ್ಥಳೀಯ ಕಲೆ ಉಳಿಯಬೇಕು ಎಂದು ಅಲ್ಲಿಂದಲೇ ಕಂಬಗಳ ಫೋಟೊ ಸ್ಟೇಟಸ್ಸಿಗೆ ಹಾಕಿದೆ. ನಲವತ್ತೊಂದು ಜನ ಹೆಬ್ಬೆಟ್ಟು ಒತ್ತಿದರು.

ಕಟ್ಟುವ ಕೆಲಸ ಶುರುವಾಯಿತು. ಗೋಡೆಗೆ ಫೋಮ್ ಬೋರ್ಡು, ಮೇಲೆ ರಟ್ಟು. ಒಂದು ಮಗ್ಗುಲಿಗೆ ಫೆವಿಕಾಲು ಬಳಿದೆ. ನೀರು ಕುಡಿದ ರಟ್ಟು ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಬಾಗಿತ್ತು. ಎರಡೂ ಕಡೆ ಬಳಿದು ಭಾರ ಹೇರಿಡಬೇಕಂತೆ. ಕಿಟಕಿಯ ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಹಚ್ಚಿದೆ. ಅದರ ಆವಿ ಕೂತು ಗಾಜೆಲ್ಲ ಬೆಳ್ಳಗಾಯಿತು. ಹೊಸ ಮನೆಗೆ ಹುಟ್ಟುತ್ತಲೇ ಕಣ್ಣಿನ ಪೊರೆ.

ವಾಲ್‌ಪೇಪರ್ ಅಂಟಿಸಿ ಮುಗಿಸಿದ ಮೇಲೆ ವೈರಿಂಗ್ ನೆನಪಾಯಿತು. ಗೋಡೆ ಸೀಳಿದೆ. ನಮ್ಮ ನಿಜವಾದ ಮನೆಯಲ್ಲಿ ಗಾರೆಯಾದ ಮೇಲೆ ಗೋಡೆ ಕೊರೆದ ಮೇಸ್ತ್ರಿಗೆ ನಾನು ಅಂದಿದ್ದ ಮಾತುಗಳು ಒಂದೊಂದಾಗಿ ಕಿವಿಗೆ ಬಂದವು. 'ಮೊದಲೇ ಯೋಚನೆ ಮಾಡಬಾರದೇನಯ್ಯಾ?' ಅವನು ಆಗ ತಲೆ ಕೆರೆದುಕೊಂಡಿದ್ದ. ಈಗ ನಾನು ಕೆರೆದುಕೊಂಡೆ.

ಮೆಟ್ಟಿಲಂತೂ ಅಪಮಾನ. ಹತ್ತಡಿ ಏರಲು, ಮೆಟ್ಟಿಲಿಗೆ ಏಳಿಂಚು ಎತ್ತರವೆಂದರೆ ಹದಿನೇಳು ಮೆಟ್ಟಿಲು ಬೇಕು. ಪ್ಲಾನಿನಲ್ಲಿ ಹದಿನೇಳೇ ಇದ್ದವು. ನಾಲ್ಕು ಕೊಯ್ಯುವಷ್ಟರಲ್ಲಿ ಬೆರಳಿಗೆ ಬ್ಲೇಡು ತಾಗಿತು. ಎಂಟಕ್ಕೆ ಬೇಸರ ಬಂತು. ಒಂಬತ್ತಕ್ಕೆ ನಿಲ್ಲಿಸಿದೆ. ಒಂದೊಂದು ಮೆಟ್ಟಿಲೂ ಅಡಿಗಿಂತ ಎತ್ತರ. ನನ್ನ ಗೊಂಬೆಗಳು ಮಹಡಿಗೆ ಮಂಡಿ ಊರಿ ಹತ್ತಬೇಕು. ಇಂಥದೇ ಮೆಟ್ಟಿಲಿಟ್ಟು ಬಾಡಿಗೆ ಎಣಿಸುತ್ತಿದ್ದ ಒಬ್ಬ ಓನರಿನ ಜೊತೆ ಮೂರು ವರ್ಷ ಮಾತು ಬಿಟ್ಟಿದ್ದವನು ನಾನು.

'ರೀ, ಆ ಮನೆಗೆ ಎಲ್‌ಇಡಿ ಹಾಕಿದ್ದೀರಿ. ಈ ಮನೆ ಬಚ್ಚಲ ಬಲ್ಬು ಹೋಗಿ ಹದಿನೈದು ದಿನ ಆಯ್ತು' ಎಂದಳು ಮನೆಯಾಕೆ. ಬಚ್ಚಲಿಗೆ ಬಲ್ಬು ಹಾಕುವುದು ಕಲೆಯಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಒಳಗೆ ಏನೇನಿಟ್ಟೆ ಗೊತ್ತೇ? ಎಂ-ಸೀಲಿನಲ್ಲಿ ಒರಳುಕಲ್ಲು, ಬೀಸುವ ಕಲ್ಲು. ಮಣ್ಣಿನ ಒಲೆ. ತುಳಸಿಕಟ್ಟೆ. ತೂಗುಮಣೆ. ಊರಿನ ಮನೆ ಮಾರುವಾಗ ಇವೆಲ್ಲ ನಿಜವಾಗಿಯೂ ಇದ್ದವು. ತೂಗುಮಣೆಯನ್ನು ಒಬ್ಬ ದಲ್ಲಾಳಿ ಸೌದೆಯ ರೇಟಿಗೆ ಒಯ್ದ. ಒರಳುಕಲ್ಲನ್ನು ಎತ್ತಿಸುವ ಕೂಲಿ ದುಬಾರಿಯೆಂದು ಅಲ್ಲೇ ಬಿಟ್ಟು ಬಂದೆವು. ಈಗ ಅದರದೇ ನಕಲು ಮಾಡಲು ನಾಲ್ಕು ರಾತ್ರಿ ಎಂ-ಸೀಲು ನಾದಿದ್ದೇನೆ. ನೋಡಲು ಬಂದವರೆಲ್ಲ 'ಅಯ್ಯೋ, ನಮ್ಮ ಅಜ್ಜಿ ಮನೆ ನೆನಪಾಯ್ತು' ಎಂದು ಕಣ್ಣೊರೆಸಿಕೊಂಡರು. ಅಜ್ಜಿಮನೆ ಈಗ ಏನಾಗಿದೆ ಎಂದೆ. ಮಾರಿಬಿಟ್ವಿ ಸಾರ್, ಎಂದರು.

ಒಬ್ಬರು ದಿಕ್ಸೂಚಿ ಇರುವ ಮೊಬೈಲು ತೆಗೆದು, ಬಾಗಿಲು ದಕ್ಷಿಣಕ್ಕಿದೆ, ಯಜಮಾನನಿಗೆ ಆಗುವುದಿಲ್ಲ ಎಂದರು. ಮೇಜು ಹಿಡಿದು ಮನೆಯನ್ನೇ ಪೂರ್ವಕ್ಕೆ ತಿರುಗಿಸಿದೆ. ಅವರಿಗೆ ನಿರಾಸೆಯಾಯಿತು. ಪರಿಹಾರ ಇಷ್ಟು ಅಗ್ಗವಾದರೆ ಶಾಸ್ತ್ರಕ್ಕೇನು ಬೆಲೆ?

ಇನ್ನೊಬ್ಬರು, ಇಂಥ ಹವ್ಯಾಸ ತಾಳ್ಮೆ ಕಲಿಸುತ್ತದೆ ಎಂದರು. ಹೇಳಿ ಹೊರಟವರು ನಮ್ಮ ಗೇಟಿಗೆ ಅಡ್ಡ ನಿಂತಿದ್ದ ಹಾಲಿನ ಆಟೋಗೆ ಒಂದು ನಿಮಿಷ ಪೂರ್ತಿ ಹಾರನ್ ಒತ್ತಿದರು.

ಮೊಮ್ಮಗಳು ಬಂದಳು. ಕೈಯಲ್ಲಿ ಬಾರ್ಬಿ. ನೇರ ಜಗಲಿಗೆ ನುಗ್ಗಿಸಿದಳು. ಬಾರ್ಬಿಯದು 1:6ರ ಅಳತೆ, ಹನ್ನೊಂದೂವರೆ ಇಂಚು ಎತ್ತರ. ನನ್ನ ಸೂರು ಹತ್ತು ಇಂಚು. ಆಕೆ ಒಳಗೆ ಬಂದರೆ ತಾರಸಿ ಮೇಲೇಳುತ್ತದೆ. 'ಮುಟ್ಟಬೇಡ!' ಎಂದು ಕಿರುಚಿದೆ. ಮಗು ಬೆಚ್ಚಿತು. ಸಮಾಧಾನ ಮಾಡಲು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಅಡಿಗೆ ಒಂದು ಇಂಚಿನ ಲೆಕ್ಕ ಹೇಳಿಕೊಟ್ಟೆ. ಸ್ಕೇಲಿನಲ್ಲಿ ಅಳೆಯುವುದನ್ನು, ಗೋಡೆಯ ಮೇಲಿನ ಪ್ಲಾನು ಓದುವುದನ್ನು ಕಲಿಸಿದೆ. ಸುತ್ತ ಜಾಗ ಏಕೆ ಬಿಡಬೇಕೆಂದು ಭಾಷಣ ಮಾಡಿದೆ. ಚುರುಕು ಹುಡುಗಿ, ಬೇಗ ಕಲಿತಳು. ಅದು ಎಷ್ಟು ದೊಡ್ಡ ತಪ್ಪೆಂದು ಆಗ ತಿಳಿಯಲಿಲ್ಲ.

ಮಾರನೆಯ ದಿನವೇ ಮನೆಗೆ ಗಾಜಿನ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದೆ. ಧೂಳು ಬೀಳುತ್ತದೆ ಎಂದೆ. ಧೂಳಿಗೆ ಎರಡು ಜಡೆ ಇತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಸೋಫಾ ಬಂತು. ತೇಗದ್ದು, ಮೂರು ಜನ ಕೂರುವಂಥದು, ಆರೂವರೆ ಇಂಚು ಉದ್ದ. ನನಗೆ ನಾನೇ ಹುಟ್ಟುಹಬ್ಬಕ್ಕೆ ಕೊಟ್ಟುಕೊಂಡದ್ದು. ಹಾಲಿನಲ್ಲಿಟ್ಟರೆ ಬಾಗಿಲು ತೆರೆಯದು. ಬಾಗಿಲು ತೆರೆದರೆ ಸೋಫಾ ಕೂರದು. ಮೂರು ದಿನ ನೋಡಿದೆ. ಸೋಫಾ ವಾಪಸು ಕಳಿಸಬಹುದಿತ್ತು. ಚಿಕ್ಕದು ತರಿಸಬಹುದಿತ್ತು.

ನಾಲ್ಕನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಬೀಗ ತೆಗೆದೆ. ಬಲಗಡೆಯ ಗೋಡೆ ಕಿತ್ತೆ. ಎರಡು ಇಂಚು ಆಚೆಗೆ ಸರಿಸಿ ಅಂಟಿಸಿದೆ. ಬೇವಿನ ಗಿಡ ಅಡ್ಡ ಬಂತು. ಅದನ್ನೂ ಕಿತ್ತೆ.

ಲಂಚ ಕೇಳುವ ಇಂಜಿನಿಯರ್ ಇರಲಿಲ್ಲ. ಕಿವಿಯೂದುವ ಬಿಲ್ಡರ್ ಇರಲಿಲ್ಲ. ಸೈಟಿನ ರೇಟು ಏರಿರಲಿಲ್ಲ. ಮಗನ ಮದುವೆ, ಬಾಡಿಗೆಯ ಆಸೆ, ಸಾಲದ ಕಂತು ಯಾವುದೂ ಇರಲಿಲ್ಲ. ಮೂವತ್ತು ವರ್ಷ ನಾನು ಯಾರ್ಯಾರನ್ನು ಬೈದಿದ್ದೆನೋ ಅವರಲ್ಲಿ ಒಬ್ಬರೂ ಆ ಕೋಣೆಯಲ್ಲಿರಲಿಲ್ಲ. ಪ್ಲಾನು ಬರೆದವನೂ ನಾನೇ, ಅನುಮೋದಿಸಿದವನೂ ನಾನೇ, ಒತ್ತುವರಿದಾರನೂ ನಾನೇ. ಸೋಫಾ ಮಾತ್ರ ಚೆನ್ನಾಗಿ ಕೂತಿತು.

ಭಾನುವಾರ ಮೊಮ್ಮಗಳು ಬಂದಳು. ಗಾಜಿನ ಹೊರಗೆ ಸ್ಕೇಲು ಹಿಡಿದು ನಿಂತಳು. ಗೋಡೆಯ ಪ್ಲಾನು ನೋಡಿದಳು. ಮತ್ತೆ ಅಳೆದಳು.

'ತಾತ, ಬಲಗಡೆ ಮೂರು ಇಂಚು ಬಿಡಬೇಕಿತ್ತಲ್ವಾ? ಒಂದೇ ಇದೆ.'

'ಶ್... ಎಲ್ಲಾರೂ ಹಾಗೇ ಕಟ್ಟೋದು ಪುಟ್ಟಾ.'

ಅವಳು ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅಜ್ಜಿ ಇದ್ದಳು. ಆಮೇಲೆ ಬೀಗದ ಕಡೆ ನೋಡಿದಳು.

'ನಾನು ಅಜ್ಜಿಗೆ ಹೇಳಲ್ಲ. ಬಾರ್ಬಿನ ಒಳಗೆ ಬಿಡ್ತೀಯಾ?'

ಬೀಗದ ಕೈ ನನ್ನ ಜೇಬಿನಲ್ಲಿತ್ತು. ತೆಗೆದು ಕೊಟ್ಟೆ. ಬಾರ್ಬಿ ಒಳಗೆ ಹೋದಳು, ತಾರಸಿ ಮೇಲೆದ್ದಿತು.

ಸಕ್ರಮವಾಯಿತು.